ಆಷಾಢದಲ್ಲಿ ಬಂದ ಹೊಸ ವರ್ಷದ ತಂತಿ

ಮದ್ದೂರು
೧೨ ಜೂನ್ ೨೦೨೨

ಮಾನ್ಯ ಮರಿಯಯ್ಯನವರಿಗೆ ನಮಸ್ಕಾರ.

ನಾನು ಚಿತ್ರಾ, ತಂತಿ ಕಸ್ತೂರಿರಂಗನವರ ಮಗಳು. ನೀವು ನಮ್ಮ ಮನೆಗೆ ಬರುವುದು ನಿಲ್ಲಿಸಿ ಇಪ್ಪತ್ತನಾಲ್ಕು ವರ್ಷವಾಯಿತು. ನಿಮ್ಮ ವಿಳಾಸವನ್ನು ಪಿಂಚಣಿದಾರರ ಸಂಘದಿಂದ ಕೇಳಿ ತೆಗೆದುಕೊಂಡೆ. ನಿಮಗೆ ಕಿವಿ ಪೂರ್ತಿ ಹೋಗಿದೆ, ಫೋನಿನಲ್ಲಿ ಆಗುವುದಿಲ್ಲ, ಕಾಗದ ಬರೆಯಿರಿ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಏಪ್ರಿಲ್‌ನಲ್ಲಿ ಸ್ಟ್ರೋಕ್ ಆಯಿತು. ಮಾತು ನಿಂತುಹೋಗಿದೆ, ಕೈಕಾಲು ಬಿದ್ದಿವೆ. ಕಣ್ಣು ತೆರೆದೇ ಇರುತ್ತಾರೆ. ಅಮ್ಮ ಹೋಗಿ ಏಳು ವರ್ಷವಾಯಿತು, ನಿಮಗೆ ಗೊತ್ತಿರಬಹುದು. ನಾನು ಮಂಡ್ಯದ ನಮ್ಮ ಮನೆಯಿಂದ ಇಲ್ಲಿಗೇ ಬಂದಿದ್ದೇನೆ; ಇಲ್ಲಿಂದಲೇ ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಸ್ಕೂಲಿನಲ್ಲಿ ಪಾಠ ಮಾಡಿ ಬರುತ್ತೇನೆ. ಕೆರಗೋಡಿನ ಚಿಕ್ಕಬೋರಮ್ಮ ಎಂಬಾಕೆ ಜೊತೆಯಲ್ಲಿದ್ದು ಅಪ್ಪನನ್ನು ನೋಡಿಕೊಳ್ಳುತ್ತಾಳೆ.

ವಿಷಯ ಏನೆಂದರೆ, ಅಪ್ಪನ ಬಲಗೈಯ ತೋರುಬೆರಳು ಒಂದು ಮಾತ್ರ ಆಡುತ್ತದೆ. ಮಂಚದ ಪಟ್ಟಿಯ ಮೇಲೆ ದಿನವಿಡೀ ಬಡಿಯುತ್ತಲೇ ಇರುತ್ತದೆ. ಡಾಕ್ಟರು ನರಗಳ ನಡುಕ ಅಂದರು. ನಾವೂ ಹಾಗೇ ಅಂದುಕೊಂಡಿದ್ದೆವು. ಹೋದ ವಾರ ಚಿಕ್ಕಬೋರಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಅವ್ವಾರೆ, ಅಯ್ನೋರ್ ಬೆಳ್ಳು ಸುಮ್ಕೆ ನಡುಗ್ತಿಲ್ಲ ಕಣ್ರವ್ವ. ನಡುಕ ಆದ್ರೆ ಒಂದೇ ಸಮ ಇರಾದು. ಇವ್ರು ಬಡೀತಾರೆ, ನಿಲ್ಲುಸ್ತಾರೆ, ಆಮ್ಯಾಕೆ ಯಾರೋ ಓ ಅಂತಾರೇನೋ ಅಂತ ಕಾಯ್ತಾರೆ. ಯಾರ್ನೋ ಕರೀತಾವ್ರೆ."

ಆವತ್ತು ನಾನು ಪಕ್ಕದಲ್ಲಿ ಕುಳಿತು ಅವರ ಬೆರಳ ಕೆಳಗೆ ನನ್ನ ಅಂಗೈ ಇಟ್ಟೆ. ಒಂದು ಸಲ ತಾಗಿಸಿ ತೆಗೆಯುತ್ತಾರೆ, ಒಂದು ಸಲ ಒತ್ತಿ ಹಿಡಿಯುತ್ತಾರೆ. ಮೂವತ್ತೈದು ವರ್ಷ ಮೋರ್ಸ್ ಬಡಿದ ಬೆರಳಲ್ಲವೇ ಅದು? ತಾಗಿದ್ದಕ್ಕೆ ಚುಕ್ಕೆ, ಒತ್ತಿದ್ದಕ್ಕೆ ಗೆರೆ ಹಾಕುತ್ತ ಒಂದು ಹಾಳೆ ತುಂಬಿಸಿದೆ. ನನ್ನ ಮಗಳು ವೀಣ ಅದನ್ನು ಫೋನಿಗೆ ಹಾಕಿ ನೋಡಿದಳು; ತಲೆಬುಡವಿಲ್ಲದ ಅಕ್ಷರಗಳು ಬಂದವು. ಎಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗುತ್ತದೆ ಎನ್ನುವುದು ನನಗೆ ತಿಳಿಯಲಿಲ್ಲ, ಅದಕ್ಕೇ ಹಾಗಾಗಿರಬೇಕು. ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ.

ಅಪ್ಪನ ಜೊತೆ ಒಂದೇ ತಂತಿಯ ಆ ತುದಿಯಲ್ಲಿ ಇಪ್ಪತ್ತು ವರ್ಷ ಕುಳಿತಿದ್ದವರು ನೀವು. ಅವರು ಬಡಿದದ್ದನ್ನು ಓದಬಲ್ಲವರು ಬೇರೆ ಯಾರೂ ನನಗೆ ಗೊತ್ತಿಲ್ಲ. ನಿಮ್ಮಿಬ್ಬರ ನಡುವೆ ಏನಾಯಿತು ಅಂತ ನಾನು ಯಾವತ್ತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಇದೊಂದನ್ನು ಓದಿ ಹೇಳಿ.

ಇತಿ ನಮಸ್ಕಾರಗಳೊಂದಿಗೆ,
ಚಿತ್ರಾ ಶ್ರೀಕರ

*

ಮಳವಳ್ಳಿ
೨೪ ಜೂನ್ ೨೦೨೨

ಚಿ. ಸೌ. ಚಿತ್ರಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕಸ್ತೂರಿರಂಗ ಅವರ ವಿಷಯ ಓದಿ ಬಹಳ ಬೇಸರವಾಯಿತು.

ಹಾಳೆಯನ್ನು ನೋಡಿದೆ ತಾಯಿ. ಅದರಲ್ಲಿ ಅರ್ಥವಾಗುವಂಥದ್ದು ಏನೂ ಇಲ್ಲ. ಕೈ ನಡುಗಿದರೂ ಚುಕ್ಕೆ ಗೆರೆ ಬರುತ್ತವೆ. ವಯಸ್ಸಾದ ತಂತಿ ಸಿಗ್ನಲರುಗಳಿಗೆ ಹೀಗೆ ಬೆರಳು ಆಡುವುದನ್ನು ನಾನೂ ಕಂಡಿದ್ದೇನೆ, ಅದೊಂದು ಅಭ್ಯಾಸಬಲ ಅಷ್ಟೆ. ಡಾಕ್ಟರು ಹೇಳಿದ್ದೇ ಸರಿ ಇರಬೇಕು. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಳನೀರು ಕುಡಿಯುವಂತಿದ್ದರೆ ಕೊಡು, ಅವರಿಗೆ ಇಷ್ಟ.

ಇಂತಿ ಶುಭ ಕೋರುವ,
ಮರಿಯಯ್ಯ

*

ಮದ್ದೂರು
೧೦ ಜುಲೈ ೨೦೨೨

ಮರಿಯಯ್ಯ ಮಾಮನಿಗೆ ನಮಸ್ಕಾರ.

ಚಿಕ್ಕವಳಿದ್ದಾಗ ಹಾಗೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ.

ನೀವು ಬರೆದದ್ದನ್ನು ನಂಬಿ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಆಗಲಿಲ್ಲ. ಸ್ಕೂಲಿಗೆ ರಜೆ ಹಾಕಿ, ವೀಣಳ ಫೋನಿನಲ್ಲಿದ್ದ ಪಟ್ಟಿಯನ್ನು ಒಂದು ಕಾಗದಕ್ಕೆ ಬರೆದುಕೊಂಡು, ಬೆಳಗಿನಿಂದ ಸಂಜೆಯವರೆಗೆ ಅಪ್ಪನ ಬೆರಳ ಕೆಳಗೆ ಅಂಗೈ ಇಟ್ಟು ಕುಳಿತೆ. ಒಂದು ವಾರ ಹೀಗೇ ಮಾಡಿದೆ. ಯಾವ ಬಿಡುವು ಚಿಕ್ಕದು, ಯಾವುದು ದೊಡ್ಡದು ಅನ್ನುವುದು ಅಂಗೈಗೇ ಗೊತ್ತಾಗತೊಡಗಿತು.

ಗೆರೆ ಗೆರೆ, ಎಂ. ಗೆರೆ ಚುಕ್ಕೆ ಗೆರೆ ಗೆರೆ, ವೈ. ಇದೇ ಎರಡು ಸಲ. ಆಮೇಲೆ ಕೆ, ಆರ್. ಕೊನೆಗೆ ಬರೀ ಒಂದು ಕೆ. ಆಮೇಲೆ ನಿಲ್ಲಿಸಿ ಕಾಯುತ್ತಾರೆ. ಮತ್ತೆ ಶುರು.

ಕೆ ಆರ್ ಅಂದರೆ ಕಸ್ತೂರಿರಂಗ. ತಂತಿಯಲ್ಲಿ ಅಪ್ಪ ಹಾಗೇ ಸಹಿ ಹಾಕುತ್ತಿದ್ದರು ಅನ್ನುವುದು ನನಗೂ ಗೊತ್ತು. ಎಂ ವೈ ಯಾರು ಮಾಮ? ನೀವಲ್ಲವೇ?

ಮೊದಲ ಹಾಳೆಯಲ್ಲೂ ಇದೇ ಇತ್ತು, ಈಗ ನೋಡಿದರೆ ನನಗೇ ಕಾಣುತ್ತದೆ. ನಿಮಗೆ ಕಾಣಲಿಲ್ಲ ಅಂದರೆ ನಾನು ಹೇಗೆ ನಂಬಲಿ? ಅಪ್ಪ ಮೂರು ತಿಂಗಳಿಂದ ನಿಮ್ಮನ್ನು ಕರೆಯುತ್ತಿದ್ದಾರೆ.

ಇನ್ನೊಂದಿದೆ. ಕೆಲವು ಸಲ ಕರೆದ ಮೇಲೆ ಒಂದು ಪದ ಬಡಿಯುತ್ತಾರೆ. ಅದನ್ನು ಹಿಡಿಯಲು ನನಗೆ ನಾಲ್ಕು ದಿನ ಬೇಕಾಯಿತು. ಡೆಲಿವರ್. ತಲುಪಿಸು. ಅದನ್ನೇ ಮೂರು ಮೂರು ಸಲ. ಆಗ ಕಣ್ಣಿನಲ್ಲಿ ನೀರು ಸುರಿಯುತ್ತದೆ. "ಏನು ತಲುಪಿಸಬೇಕಪ್ಪ? ಯಾರಿಗೆ?" ಅಂತ ಕೇಳಿದೆ. ನನ್ನ ಮುಖ ನೋಡಿ ಕಣ್ಣು ಮುಚ್ಚಿಕೊಂಡರು.

ನಿಮಗೆ ಅವರ ಮೇಲೆ ಎಷ್ಟೇ ಸಿಟ್ಟಿರಲಿ, ಒಂದು ಸಲ ಬನ್ನಿ. ಇಲ್ಲದಿದ್ದರೆ ಏನು ಅಂತ ಬರೆಯಿರಿ.

ನಿಮ್ಮ,
ಚಿತ್ರಾ

*

ಮದ್ದೂರು
೧೪ ಆಗಸ್ಟ್ ೨೦೨೨

ಮಾಮ,

ನನ್ನ ಕಾಗದ ತಲುಪಿತೋ ಇಲ್ಲವೋ ತಿಳಿಯದು. ಅಪ್ಪನಿಗೆ ಹತ್ತು ದಿನ ಜ್ವರ ಬಂದು ಇಳಿಯಿತು. ಈಗ ಮೂಗಿನ ನಳಿಗೆಯಲ್ಲೇ ಗಂಜಿ. ಬೆರಳಿಗೆ ಮೊದಲಿನ ಶಕ್ತಿ ಇಲ್ಲ, ಆದರೂ ನಿಲ್ಲಿಸಿಲ್ಲ. ನಿಮ್ಮನ್ನೇ ಕರೆಯುತ್ತಿದ್ದಾರೆ.

ಚಿತ್ರಾ

*

ಮಳವಳ್ಳಿ
೩ ಸೆಪ್ಟೆಂಬರ್ ೨೦೨೨

ಅಮ್ಮಾ ಚಿತ್ರಾ,

ನಿನ್ನ ಮೂರು ಕಾಗದಗಳೂ ತಲುಪಿವೆ. ಮೊದಲನೆಯ ಹಾಳೆಯನ್ನು ಕೈಗೆತ್ತಿಕೊಂಡ ಕ್ಷಣದಲ್ಲೇ ನನಗೆ ಓದಲು ಬಂತು. ಕಿವಿ ಹೋಗಿದೆ, ಆದರೆ ಆ ಚುಕ್ಕೆ ಗೆರೆಗಳನ್ನು ನೋಡಿದರೆ ತಲೆಯೊಳಗೆ ಸದ್ದು ಈಗಲೂ ಕೇಳುತ್ತದೆ. ನಾನು ನಿನಗೆ ಸುಳ್ಳು ಬರೆದೆ. ಯಾಕೆ ಅಂತ ಹೇಳುತ್ತೇನೆ. ಇದನ್ನು ನೀನು ಕುಳಿತುಕೊಂಡು ಓದು ತಾಯಿ.

ನನ್ನ ತಮ್ಮ ರಾಜೇಂದ್ರನನ್ನು ನೀನು ಮರೆತಿರಲಾರೆ. ಇಲಾಖೆಯ ಪರೀಕ್ಷೆಗೆ ಮೋರ್ಸ್ ಕಲಿಯಲಿ ಎಂದು ನಾನೇ ಅವನನ್ನು ನಿಮ್ಮ ಮನೆಗೆ ಕಳಿಸಿದ್ದೆ. ಆರು ತಿಂಗಳು ನಿಮ್ಮ ಪಡಸಾಲೆಯಲ್ಲಿ ನಿನ್ನ ತಂದೆ ಅವನಿಗೆ ಪಾಠ ಹೇಳಿದರು. ನೀವಿಬ್ಬರೂ ಮಾತಾಡಿಕೊಂಡದ್ದು ಯಾವಾಗ, ಮನಸ್ಸು ಕೊಟ್ಟದ್ದು ಯಾವಾಗ, ನಮಗೆ ಗೊತ್ತಾಗಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಮೂರು, ಜುಲೈ ಹದಿನಾರು, ಶುಕ್ರವಾರ. ಮಧ್ಯಾಹ್ನ ಎರಡೂವರೆ ಇರಬಹುದು. ನಿನ್ನ ತಂದೆ ತಂತಿಯಲ್ಲಿ ನನ್ನನ್ನು ಕರೆದರು. ಮಂಡ್ಯದಿಂದ ಹೊರಟ ಒಂದು ಟೆಲಿಗ್ರಾಂ ಮದ್ದೂರಿನ ಅವರ ಆಫೀಸಿನ ಮೂಲಕ ಮಳವಳ್ಳಿಯಲ್ಲಿದ್ದ ನನಗೆ ಬರಬೇಕಿತ್ತು. ಶುಭಾಶಯದ ತಂತಿ. ಅದಕ್ಕೆಲ್ಲ ಆಗ ಸಂಖ್ಯೆಗಳಿದ್ದವು, ಬರೀ ಸಂಖ್ಯೆ ಕಳಿಸಿದರೆ ಆ ತುದಿಯಲ್ಲಿ ಪೂರ್ತಿ ವಾಕ್ಯ ಬರೆದುಕೊಡುತ್ತಿದ್ದೆವು. ಇದು ಹೊಸ ವರ್ಷದ ಶುಭಾಶಯದ ಸಂಖ್ಯೆ. ಕಳಿಸಿದವರು ಚಿತ್ರಾ. ತಲುಪಬೇಕಾದವನು ನನ್ನ ತಮ್ಮ ರಾಜೇಂದ್ರ. ಆಷಾಢ ಮಾಸದಲ್ಲಿ ಹೊಸ ವರ್ಷ!

ನಿನ್ನ ತಂದೆ ಬುದ್ಧಿವಂತರು, ಅವರಿಗೆ ಇದು ಗುಟ್ಟಿನ ಮಾತು ಎಂದು ತಿಳಿಯದೆ ಇರುತ್ತದೆಯೇ? ಆದರೂ ಸಂದೇಶವನ್ನು ಒಂದಕ್ಷರ ಬಿಡದೆ ಕಳಿಸಿದರು. ತಡೆಯುವುದು ಅಪರಾಧ ಎಂದು ಅವರಿಗೆ ಗೊತ್ತಿತ್ತು. ಕಳಿಸಿ ಮುಗಿಸಿದ ಮೇಲೆ ತಂತಿ ಬಿಡಲಿಲ್ಲ. ಮತ್ತೆ ಬಡಿದರು. "ಮರಿಯಯ್ಯ, ಇವಳು ನನ್ನ ಚಿತ್ರಾ. ತಲುಪಿಸಬೇಡ. ಪ್ಲೀಸ್." ಇಪ್ಪತ್ತು ವರ್ಷದಲ್ಲಿ ಪ್ಲೀಸ್ ಎಂಬ ಪದವನ್ನು ಅವರು ತಂತಿಯಲ್ಲಿ ಬಡಿದದ್ದು ಅದೊಂದೇ ಸಲ. ಒಬ್ಬೊಬ್ಬ ಸಿಗ್ನಲರನ ಕೈ ಒಂದೊಂದು ಥರ, ಮುಖ ನೋಡದೆ ಗುರುತು ಹಿಡಿಯುತ್ತಿದ್ದೆವು. ಅವತ್ತು ಬಂದದ್ದು ಅವರ ಕೈಯೇ ಅಲ್ಲ ಅನ್ನುವ ಹಾಗಿತ್ತು.

ನಾನು ಚುಕ್ಕೆ ಗೆರೆ ಚುಕ್ಕೆ ಒತ್ತಿದೆ. ಆರ್. ಬಂತು, ಒಪ್ಪಿದೆ ಅಂತ.

ಅಷ್ಟೇ. ಮೂರು ಒತ್ತು. ಬರೆದುಕೊಂಡಿದ್ದ ತಂತಿಯನ್ನು ಹರಿದು ಹಾಕಿದವನು ನಾನು ಚಿತ್ರಾ, ನಿನ್ನ ತಂದೆ ಅಲ್ಲ. ಅವರು ಕೇಳಿದರು, ನಾನು ಮಾಡಿದೆ. ನಿಮ್ಮ ಜಾತಿ ನಮ್ಮ ಜಾತಿ ಎಂದು ಹೆದರಿದೆ. ಊರಿನವರು ನನ್ನ ತಾಯಿಯನ್ನು ಏನಂದಾರು ಎಂದು ಹೆದರಿದೆ. ಸ್ನೇಹಿತ ಬೇಡಿಕೊಂಡಾಗ ಇಲ್ಲ ಎನ್ನಲು ಆಗಲಿಲ್ಲ. ಇವೆಲ್ಲ ನಿಜ. ಇವು ಯಾವುವೂ ಸಾಲವು ಎಂಬುದೂ ನಿಜ.

ಸಂಜೆ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕುಳಿತಿದ್ದ.

"ಅಣ್ಣ, ನನ್ಗೇನಾರ ತಂತಿ ಬಂದದಾ?"

"ಇಲ್ಲ ಕಣ್ಲಾ. ಯಾಕ್ಲಾ?"

"ಸುಮ್ಕೆ ಕೇಳ್ದೆ ಬುಡು."

ಶನಿವಾರವೂ ಕೇಳಿದ. ಭಾನುವಾರ ಬೆಳಿಗ್ಗೆ ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ಹತ್ತಿಸಿದೆ. ಹುಬ್ಬಳ್ಳಿಯಲ್ಲಿ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಅವನಿಗೆ ಕೆಲಸ ಸಿಕ್ಕಿತ್ತಲ್ಲ. ಊರು ಬಿಡುವಾಗ ಬತ್ತೀನಿ ಅನ್ನಬೇಕು. ಅವನು "ಓಯ್ತೀನಿ ಕಣಣ್ಣ" ಅಂದ. ನಮ್ಮವ್ವ ಅದಕ್ಕೇ ಎಷ್ಟೋ ದಿನ ಅತ್ತಳು.

ಐದು ವರ್ಷ ಊರಿಗೆ ಕಾಲಿಡಲಿಲ್ಲ. ತೊಂಬತ್ತೆಂಟರಲ್ಲಿ ಒಂದು ಸಲ ಬಂದ. ನಿನಗೆ ಅಷ್ಟರಲ್ಲಿ ಮದುವೆಯಾಗಿ ಮಗುವೂ ಆಗಿತ್ತು. ಇಬ್ಬರೂ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದೆವು. ಹಿಂದಿನಿಂದ ಕೇಳಿದ: "ಅಣ್ಣ, ಆವತ್ತು ನಿಜ್ವಾಗ್ಲೂ ಏನೂ ಬರ್ನಿಲ್ವಾ?" ನಾನು ತಿರುಗಿ ನೋಡದೆ "ಬರ್ನಿಲ್ಲ ಕಣಪ್ಪ" ಅಂದೆ. ಮತ್ತೆ ಅವನು ಆ ಮಾತೇ ಎತ್ತಲಿಲ್ಲ.

ಅವನು ಹೊರಟುಹೋದ ಮಾರನೇ ದಿನ ನಿನ್ನ ತಂದೆಯ ಆಫೀಸಿಗೆ ಹೋಗಿ ಜಗಳವಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, "ಮರಿಯಯ್ಯ, ಇಬ್ಬರಿಗೂ ಹೇಳಿಬಿಡೋಣ. ನನಗೂ ತಡೆಯೋಕಾಗ್ತಿಲ್ಲ" ಅಂದರು. ಬೇಡ ಅಂದವನು ನಾನು. ಹೇಳಿದರೆ ನನ್ನ ತಮ್ಮ ನನ್ನ ಮುಖ ನೋಡುವುದಿಲ್ಲ ಎಂಬ ಭಯ. "ಹೇಳಿದ್ರೆ ನಾನು ಬಾವಿಗೆ ಬೀಳ್ತೀನಿ" ಅಂದೆ. ಅವರು ನನ್ನ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡರು. ನಾನು ಅವರ ಮುಖ ನೋಡುವುದು ಬಿಟ್ಟೆ.

ರಾಜೇಂದ್ರ ಎರಡು ಸಾವಿರದ ಒಂದರಲ್ಲಿ ಮದುವೆಯಾದ. ಹೆಂಡತಿ ಕವಿತ, ಮಗಳು ನಯನ. ಎರಡು ಸಾವಿರದ ಹನ್ನೊಂದರಲ್ಲಿ ಹುಬ್ಬಳ್ಳಿಯಲ್ಲೇ ಕೆಲಸದ ಮೇಲಿದ್ದಾಗ ಹೃದಯಾಘಾತವಾಗಿ ತೀರಿಕೊಂಡ. ನಿನಗೆ ಯಾರೂ ಹೇಳಿರಲಾರರು. ಈ ಸುದ್ದಿಯನ್ನೂ ನನ್ನ ಕೈಯಿಂದಲೇ ನೀನು ಓದಬೇಕಾಯಿತು.

ಈಗ ನಿನ್ನ ತಂದೆ ಏನು ಬಡಿಯುತ್ತಿದ್ದಾರೆ ಎಂದು ನಿನಗೆ ತಿಳಿಯಿತು. ಆವತ್ತಿನ ತಂತಿಯನ್ನು ತಲುಪಿಸು ಎಂದು ನನಗೆ ಹೇಳುತ್ತಿದ್ದಾರೆ. ಕೊನೆಯ ಆ ಒಂದು ಕೆ ಅಂದರೆ, ನಾನು ಹೇಳಿದ್ದು ಮುಗಿಯಿತು, ಈಗ ನೀನು ಹೇಳು ಎಂದು.

ನನ್ನ ಬದಲಿಗೆ ನೀನೇ ಒಂದು ಉತ್ತರ ಕೊಡುತ್ತೀಯಾ ತಾಯಿ? ಅವರ ಅಂಗೈಯ ಮೇಲೆ ನಿನ್ನ ಬೆರಳಿನಿಂದ ಒಂದು ಸಲ ತಾಗಿಸು, ಒಂದು ಸಲ ಒತ್ತಿ ಹಿಡಿ, ಮತ್ತೆ ಒಂದು ಸಲ ತಾಗಿಸು. ಬಂತು ಎಂದು ಅವರಿಗೆ ತಿಳಿಯುತ್ತದೆ. ಅವರಿಗೆ ನೆಮ್ಮದಿಯಾಗಲಿ. ನಾನೇ ಬರಬೇಕು, ಆದರೆ ನೀನು ಬಾ ಎಂದು ಬರೆಯುವವರೆಗೆ ನಿನ್ನ ಬಾಗಿಲು ತುಳಿಯುವ ಮುಖ ನನಗಿಲ್ಲ.

ಮರಿಯಯ್ಯ

*

ಮದ್ದೂರು
೧೬ ಅಕ್ಟೋಬರ್ ೨೦೨೨

ಅಪ್ಪ ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಹೋದರು. ವೈಕುಂಠ ಸಮಾರಾಧನೆಯ ದಿನ ನೀವು ಬಂದಿದ್ದಿರಿ; ಪಿಂಚಣಿದಾರರ ಸಂಘದವರು ತಿಳಿಸಿರಬೇಕು. ಗೇಟಿನಾಚೆ ಕೊಡೆ ಹಿಡಿದು ನಿಂತಿದ್ದವರನ್ನು ನಾನು ಒಳಗಿನಿಂದ ನೋಡಿದೆ. ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದಾಗ ನೀವು ಇರಲಿಲ್ಲ.

ನಿಮ್ಮ ಕಾಗದ ಬಂದದ್ದು ಸೆಪ್ಟೆಂಬರ್ ಆರನೇ ತಾರೀಕು. ನೀವು ಹೇಳಿದ ಹಾಗೆ ಕುಳಿತುಕೊಂಡೇ ಓದಿದೆ. ನಿಮಗೆ ಗೊತ್ತಿಲ್ಲದ್ದನ್ನು ಈಗ ನಾನು ಬರೆಯುತ್ತೇನೆ.

ನನಗೆ ಮೋರ್ಸ್ ಬರುತ್ತಿರಲಿಲ್ಲ, ಬಂದಿದ್ದರೂ ಮನೆಯಲ್ಲಿ ಬೆರಳು ಬಡಿದು ಮಾತಾಡುವ ಹಾಗಿರಲಿಲ್ಲ, ಅಪ್ಪನಿಗೆ ಎಲ್ಲ ತಿಳಿಯುತ್ತಿತ್ತು. ಅದಕ್ಕೆ ರಾಜೇಂದ್ರ ಒಂದು ಗುಟ್ಟಿನ ಬರಹ ಮಾಡಿದ್ದ. ಚ ಛ ಜ ಝ ಬರುವಲ್ಲಿ ತ ಥ ದ ಧ ಬರೆಯುವುದು, ತ ಥ ದ ಧ ಬರುವಲ್ಲಿ ಚ ಛ ಜ ಝ. ಕ ಸಾಲಿಗೂ ಪ ಸಾಲಿಗೂ ಹಾಗೇ ಅದಲುಬದಲು. ನಾನು ತಿಚ್ರಾ, ಅವನು ರಾದೇಂಜ್ರ. ಬಾ ಅನ್ನಬೇಕಾದರೆ ಗಾ. ನೋಟ್ಸಿನ ಪುಸ್ತಕದ ಅಂಚಿನಲ್ಲಿ, ಆಮೇಲೆ ಪೋಸ್ಟ್‌ಕಾರ್ಡುಗಳಲ್ಲಿ, ಯಾರು ಓದಿದರೂ ತಿಳಿಯದ ಹಾಗೆ ಬರೆದುಕೊಳ್ಳುತ್ತಿದ್ದೆವು. ಕಾರ್ಡುಗಳು ಮಂಡ್ಯದ ನನ್ನ ಬಿ.ಎಡ್. ಕಾಲೇಜಿನ ವಿಳಾಸಕ್ಕೆ ಬರುತ್ತಿದ್ದವು. ಕೊನೆಯ ಕಾರ್ಡಿನಲ್ಲಿ ಅವನು ಕೇಳಿದ್ದು ಇಷ್ಟು. ಭಾನುವಾರ ಹುಬ್ಬಳ್ಳಿಗೆ ಹೊರಡುತ್ತೇನೆ. ನೀನು ನನ್ನ ಜೊತೆ ಬರುವುದಾದರೆ ಶುಕ್ರವಾರದೊಳಗೆ ಹೊಸ ವರ್ಷದ ತಂತಿ ಕೊಡು, ಮದ್ದೂರು ಸ್ಟೇಷನ್ನಿಗೆ ಬರುತ್ತೇನೆ. ತಂತಿ ಬರದಿದ್ದರೆ ಇಷ್ಟವಿಲ್ಲ ಎಂದು ತಿಳಿದು ಕನಕಪುರದ ಬಸ್ಸಿಗೆ ಹೋಗುತ್ತೇನೆ, ಮತ್ತೆ ನಿನ್ನನ್ನು ತೊಂದರೆ ಮಾಡುವುದಿಲ್ಲ.

ಮದ್ದೂರಿನ ಬದಲು ಮಂಡ್ಯದಲ್ಲಿ ಕೊಟ್ಟರೆ ಅಪ್ಪನ ಕಣ್ಣಿಗೆ ಬೀಳುವುದಿಲ್ಲ ಅಂದುಕೊಂಡಿದ್ದೆ. ಆ ಫಾರಂ ಬರೆದುಕೊಟ್ಟಾಗ ಕೌಂಟರಿನಲ್ಲಿದ್ದವರು ನಕ್ಕರು. "ಏನಮ್ಮ, ಬಹಳ ಮುಂಚೆ ಹೇಳ್ತಾ ಇದೀರ?" ನಾನೂ ನಕ್ಕೆ. ಅಷ್ಟು ಸಂತೋಷವಾಗಿ ನಾನು ಆಮೇಲೆ ಯಾವತ್ತಾದರೂ ನಕ್ಕಿದ್ದೇನೋ ಗೊತ್ತಿಲ್ಲ.

ಭಾನುವಾರ ಗೆಳತಿಯ ಮನೆಗೆ ಅಂತ ಹೇಳಿ ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ಬೆಳಗಿನ ಗಾಡಿ ಹೋಯಿತು. ಮಧ್ಯಾಹ್ನದ್ದು ಹೋಯಿತು. ವಡೆ ಮಾರುವವನು ಮೂರು ಸಲ ಬಂದು ಕೇಳಿ ನಾಲ್ಕನೇ ಸಲ ಕೇಳದೆ ಮುಂದೆ ಹೋದ. ಬೆಳಕಿರುವಾಗಲೇ ಮನೆಗೆ ವಾಪಸ್ ಬಂದೆ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಬ್ಯಾಗು ನೋಡಿದರು. "ಊಟ ಆಯ್ತೇನೇ?" ಅಂದರು. ಇಲ್ಲ ಅಂದೆ. ಅವರೇ ತಟ್ಟೆ ಹಾಕಿ ಬಡಿಸಿದರು. ಆವತ್ತು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಈಗ ಏನು ಅಂದುಕೊಳ್ಳಬೇಕು ಹೇಳಿ.

ಅವನಿಗೆ ಧೈರ್ಯ ಸಾಲಲಿಲ್ಲ ಅಂತ ಇಪ್ಪತ್ತೊಂಬತ್ತು ವರ್ಷ ಅವನನ್ನು ಬೈದುಕೊಂಡಿದ್ದೇನೆ. ಅವನೂ ನನ್ನನ್ನು ಹಾಗೇ ಬೈದುಕೊಂಡು ಸತ್ತ.

ನೀವು ಹೇಳಿದ ಉತ್ತರವನ್ನು ನಾನು ಅಪ್ಪನಿಗೆ ಕೊಡಲಿಲ್ಲ. ಪಕ್ಕದಲ್ಲೇ ಕುಳಿತಿದ್ದೆ. ಅವರು ಕರೆಯುತ್ತಿದ್ದರು, ಡೆಲಿವರ್ ಅನ್ನುತ್ತಿದ್ದರು, ಕೆ ಒತ್ತಿ ಕಾಯುತ್ತಿದ್ದರು. ನಾನು ನನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಒಂದು ದಿನವಲ್ಲ, ಒಂಬತ್ತು ದಿನ. ಚಿಕ್ಕಬೋರಮ್ಮನಿಗೆ ವಿಷಯವೇನೂ ಗೊತ್ತಿರಲಿಲ್ಲ, ಆದರೂ ಅವಳಿಗೆ ಏನೋ ಕಂಡಿತು. "ಅವ್ವ, ಏನಾರ ಒಂದು ಏಳ್ಬುಡಿ ಅಯ್ನೋರ್ಗೆ. ಕಾಯ್ತಾವ್ರೆ" ಅಂದಳು.

"ಕಾಯಲಿ" ಅಂದೆ.

ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ.

ಹತ್ತನೇ ದಿನ, ಹದಿನಾರನೇ ತಾರೀಕು, ಸ್ಕೂಲಿನಲ್ಲಿ ಪಾಠದ ಮಧ್ಯೆ ಇದ್ದಕ್ಕಿದ್ದಂತೆ ಇನ್ನು ಸಾಕು ಅನ್ನಿಸಿತು. ಅರ್ಧ ದಿನ ರಜೆ ಹಾಕಿ ಓಡಿ ಬಂದೆ. ಬಂದಾಗ ಬೆರಳು ನಿಂತಿತ್ತು. "ಅನ್ನೊಂದು ಗಂಟೆಗೇ ನಿಲ್ಸ್ಬುಟ್ರು ಕಣವ್ವ" ಅಂದಳು ಚಿಕ್ಕಬೋರಮ್ಮ. ಅಂಗೈ ಬಿಡಿಸಿ ತಾಗಿಸಿದೆ, ಒತ್ತಿದೆ, ತಾಗಿಸಿದೆ. ಕಣ್ಣು ತೆರೆದೇ ಇತ್ತು, ಸೂರು ನೋಡುತ್ತಿತ್ತು. ಮತ್ತೆ ಒತ್ತಿದೆ. ಹತ್ತು ಸಲವೋ ಇಪ್ಪತ್ತು ಸಲವೋ. "ಬಂತಪ್ಪ, ಬಂತು" ಅಂತ ಬಾಯಿಯಲ್ಲೂ ಹೇಳಿದೆ. ಒಂದು ಬೆರಳೂ ಅಲುಗಲಿಲ್ಲ. ಇನ್ನೂ ಮೂರು ದಿನ ಉಸಿರಾಡಿದರು, ಅಷ್ಟೇ. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ನೀವೂ ಅಪ್ಪನೂ ಮಾಡಿದ್ದನ್ನೇ ನಾನೂ ಮಾಡಿದೆ. ಇದನ್ನು ಯಾರಿಗೆ ಹೇಳಲಿ ಅಂತ ಒಂದು ತಿಂಗಳು ಯೋಚಿಸಿದೆ. ನಿಮ್ಮನ್ನು ಬಿಟ್ಟರೆ ಅರ್ಥವಾಗುವವರು ಯಾರೂ ಇಲ್ಲ.

ನಿಮ್ಮ ಕಾಗದವನ್ನು ನನ್ನ ಯಜಮಾನರಿಗೆ ಓದಲು ಕೊಟ್ಟೆ. ಶ್ರೀಕರ ಒಳ್ಳೆಯವರು. ಓದಿ, ಮಡಚಿ, ವಾಪಸ್ ಕೊಟ್ಟರು. ಆಮೇಲೆ ಒಂದೇ ಮಾತು ಹೇಳಿದರು. "ನಿನ್ನ ನೋಡೋಕೆ ಬಂದಾಗ ನೀನು ತಲೇನೇ ಎತ್ತಲಿಲ್ಲ. ನಾನು ನಾಚಿಕೆ ಅಂದ್ಕೊಂಡಿದ್ದೆ."

ಚಿತ್ರಾ

*

ಮಳವಳ್ಳಿ
೯ ನವೆಂಬರ್ ೨೦೨೨

ಅಮ್ಮಾ ಚಿತ್ರಾ,

ನಿನ್ನ ಕಾಗದವನ್ನು ಓದಿದೆ.

ಆ ಒಂಬತ್ತು ದಿನಕ್ಕೆ ನೀನು ನಿನ್ನನ್ನು ನಮ್ಮ ಜೊತೆ ಸೇರಿಸಿಕೊಳ್ಳಬೇಡ. ನಿನ್ನ ಸಿಟ್ಟು ನ್ಯಾಯದ್ದು. ನಿನ್ನ ತಂದೆಗೆ ಉತ್ತರ ಕೊಡಬೇಕಾದವನು ನಾನಾಗಿದ್ದೆ. ಜೂನ್ ತಿಂಗಳಲ್ಲಿ ನಿನ್ನ ಮೊದಲ ಕಾಗದ ಬಂದಾಗಲೇ ಬಸ್ಸು ಹತ್ತಿದ್ದರೆ ಒಂದು ಗಂಟೆಯಲ್ಲಿ ಅವರ ಮಂಚದ ಪಕ್ಕದಲ್ಲಿರುತ್ತಿದ್ದೆ. ಹೋಗಲಿಲ್ಲ. ಸಮಾರಾಧನೆಯ ದಿನ ಗೇಟಿನಲ್ಲಿ ನಿಂತಾಗ ಇದನ್ನೇ ಯೋಚಿಸುತ್ತಿದ್ದೆ. ನೀನು ಕರೆಯದೆ ಇದ್ದದ್ದೇ ಸರಿ.

ಒಂದು ವಿಷಯ ಕೇಳಬೇಕಿತ್ತು. ಹುಬ್ಬಳ್ಳಿಗೆ ಹೋಗಿ ರಾಜೇಂದ್ರನ ಹೆಂಡತಿಗೂ ಇದನ್ನೆಲ್ಲ ಹೇಳಲೇ ಎಂದು ಮನಸ್ಸು ಎಳೆಯುತ್ತಿದೆ. ಹೇಳಿದರೆ ನನ್ನ ಎದೆ ಹಗುರವಾಗುತ್ತದೆ. ಆದರೆ ಆ ಹೆಣ್ಣುಮಗಳಿಗೆ ಏನಾಗುತ್ತದೆ? ಹೇಳದಿದ್ದರೆ ಇನ್ನೊಂದು ಮಾತನ್ನು ತಡೆದಂತೆ ಆಗುತ್ತದೆಯೇ? ನನಗೆ ಈಗ ಯಾವುದು ಸರಿ ಎಂದು ತೀರ್ಮಾನಿಸುವ ಯೋಗ್ಯತೆ ಇಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಮರಿಯಯ್ಯ

*

ಮಂಡ್ಯ
೨೨ ಜನವರಿ ೨೦೨೩

ಮರಿಯಯ್ಯ ಮಾಮನಿಗೆ,

ಮದ್ದೂರಿನ ಮನೆಗೆ ಬೀಗ ಹಾಕಿ ಮಂಡ್ಯಕ್ಕೆ ವಾಪಸ್ ಬಂದಿದ್ದೇನೆ. ಚಿಕ್ಕಬೋರಮ್ಮ ಕೆರಗೋಡಿಗೆ ಹೋದಳು. ಹೋಗುವಾಗ ನನ್ನ ತಲೆ ಸವರಿದಳು.

ಕವಿತ ಅವರಿಗೆ ಹೇಳಬೇಡಿ. ಆ ತಂತಿ ಅವರ ಹೆಸರಿಗೆ ಬಂದದ್ದಲ್ಲ. ಅವರಿಗೆ ಅವರ ಗಂಡ ಹೇಗಿದ್ದನೋ ಹಾಗೇ ಇರಲಿ. ಎದೆಯ ಭಾರವನ್ನು ನೀವು ನಿಮ್ಮಲ್ಲೇ ಇಟ್ಟುಕೊಳ್ಳಿ. ನಾನೂ ನನ್ನದನ್ನು ಇಟ್ಟುಕೊಂಡಿದ್ದೇನೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನಾಲ್ಕೈದು ಸಲ ಕುಳಿತೆ. ಆಗಲಿಲ್ಲ ಮಾಮ. ಸುಳ್ಳು ಬರೆಯಲು ಇಷ್ಟವಿಲ್ಲ. ಮುಂದೆ ಯಾವಾಗಲಾದರೂ ಆದೀತೇನೋ. ಅಪ್ಪನನ್ನೂ ಅಷ್ಟೇ. ಒಂದು ದಿನ ಅವರನ್ನು ನೆನೆದು ಅಳು ಬರುತ್ತದೆ, ಮಾರನೇ ದಿನ ಅವರ ಫೋಟೊ ನೋಡಲು ಆಗುವುದಿಲ್ಲ.

ಆದರೆ ಒಂದು ಮಾತು. ರಾಜೇಂದ್ರ ನನಗೆ ಇಪ್ಪತ್ತಾರು ವರ್ಷದ ಹುಡುಗನಾಗಿಯೇ ಉಳಿದಿದ್ದಾನೆ. ಆಮೇಲೆ ಅವನು ಹದಿನೆಂಟು ವರ್ಷ ಬದುಕಿದ್ದನಲ್ಲ, ಅದು ನನಗೆ ಏನೇನೂ ಗೊತ್ತಿಲ್ಲ. ಅವನಿಗೆ ಕನ್ನಡಕ ಬಂದಿತ್ತೇ? ಕೂದಲು ನರೆತಿತ್ತೇ? ಹುಬ್ಬಳ್ಳಿಯ ರೊಟ್ಟಿ ಒಗ್ಗಿತೇ, ಇಲ್ಲ ಮುದ್ದೆಯೇ ಬೇಕು ಅನ್ನುತ್ತಿದ್ದನೇ? ಮಗಳನ್ನು ಎತ್ತಿಕೊಂಡು ಓಡಾಡುತ್ತಿದ್ದನೇ? ಕೋಪ ಬಂದಾಗ ಕಿವಿ ಕೆಂಪಾಗುತ್ತಿತ್ತಲ್ಲ, ಆಮೇಲೂ ಹಾಗೇ ಇತ್ತೇ? ಅವನನ್ನು ಎಲ್ಲಿ ಮಣ್ಣು ಮಾಡಿದರು?

ಇವನ್ನೆಲ್ಲ ನಾನು ಇನ್ನು ಯಾರನ್ನು ಕೇಳಲಿ? ನಿಮಗೊಬ್ಬರಿಗೇ ಗೊತ್ತಿರುವುದು.

ಬರುವ ಭಾನುವಾರ ಬನ್ನಿ. ಮಳವಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರುತ್ತೀರಿ. ಶ್ರೀಕರರಿಗೆ ಹೇಳಿದ್ದೇನೆ, ಬಸ್‌ಸ್ಟ್ಯಾಂಡಿಗೆ ಬಂದು ಕರೆತರುತ್ತಾರೆ. ನಿಮಗೆ ಕೇಳಿಸುವುದಿಲ್ಲ, ಆದ್ದರಿಂದ ನಾನು ಕೇಳುವುದನ್ನು ಹಾಳೆಯ ಮೇಲೆ ಬರೆಯುತ್ತೇನೆ. ನೀವು ಬಾಯಿಬಿಟ್ಟು ಹೇಳಿ. ಏನನ್ನೂ ಮುಚ್ಚಿಡಬೇಡಿ, ಚೆಂದ ಮಾಡಿಯೂ ಹೇಳಬೇಡಿ.

ಅಡುಗೆಗೆ ಏನು ಮಾಡಲಿ ಅಂತ ಬರೆಯಿರಿ.

ಚಿತ್ರಾ